ನೀರೂ ಅಲ್ಲ, ನೆಲವೂ ಅಲ್ಲ

ರಜೆಗೆ ಮೊಮ್ಮಕ್ಕಳು ಬಂದರೆ ಅಜ್ಜಂದಿರಿಗೆ ಎರಡು ಸಂಕಟಗಳು. ಅವರು ಕೇಳುವ ಪ್ರಶ್ನೆಗಳಿಗೆ ಉತ್ತರ ಗೊತ್ತಿರುವುದಿಲ್ಲವೆಂಬುದು ಒಂದು. ಗೊತ್ತಿಲ್ಲವೆಂದು ಒಪ್ಪಿಕೊಳ್ಳುವ ಅಭ್ಯಾಸ ನಮಗಿರುವುದಿಲ್ಲವೆಂಬುದು ಇನ್ನೊಂದು. ನಾನು ಮೂವತ್ತನಾಲ್ಕು ವರ್ಷ ಮಾಸ್ತರಿಕೆ ಮಾಡಿದವನಾದ್ದರಿಂದ ಎರಡನೆಯ ಸಂಕಟ ನನ್ನಲ್ಲಿ ತುಸು ಹೆಚ್ಚು.

ಕಳೆದ ಏಪ್ರಿಲ್ ತಿಂಗಳಿನಲ್ಲಿ ನನ್ನ ಮೊಮ್ಮಗ ಬೆಂಗಳೂರಿನಿಂದ ಮೋಟೆಬೆನ್ನೂರಿಗೆ ಬಂದ. ವಯಸ್ಸು ಹನ್ನೊಂದು. ಚೀಲದಲ್ಲಿ ಎರಡು ಜೊತೆ ಬಟ್ಟೆ, ಲೋಕದ ವಾಹನಗಳನ್ನೆಲ್ಲ ಚಿತ್ರಸಹಿತ ವರ್ಣಿಸುವ ಒಂದು ದಪ್ಪ ಪುಸ್ತಕ. ಬಂದ ಸಂಜೆಯೇ, ರೊಟ್ಟಿಯ ತಟ್ಟೆ ಇನ್ನೂ ಮುಂದಿರುವಾಗಲೇ ಕೇಳಿದ:

"ಅಜ್ಜಾ, ಇಲ್ಲಿ ಹತ್ತಿರದಲ್ಲಿ ಎಲ್ಲಾದರೂ ಹೋವರ್‌ಕ್ರಾಫ್ಟ್ ಇದೆಯಾ?"

ನಮ್ಮ ಊರನ್ನು ವಾಚಕರಲ್ಲಿ ಹಲವರು ನೋಡಿರಬಹುದು, ನೋಡಿದ್ದು ನೆನಪಿರಲಾರದು. ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಹಾವೇರಿಯನ್ನು ದಾಟಿ ರಾಣೆಬೆನ್ನೂರಿನ ಕಡೆಗೆ ಹೋಗುವಾಗ, ಬ್ಯಾಡಗಿಗೆ ದಾರಿ ಒಡೆಯುವಲ್ಲಿ ನಮ್ಮ ಊರು. ಮೆಣಸಿನಕಾಯಿಯ ಕಾಲದಲ್ಲಿ ಕಾರಿನ ಗಾಜು ಇಳಿಸಿದವರಿಗೆ ಊರಿನ ಹೆಸರು ಗೊತ್ತಾಗುವ ಮೊದಲು ಸೀನು ಬರುತ್ತದೆ. ಇಲ್ಲಿ ಲಾರಿಯುಂಟು, ಟ್ರ್ಯಾಕ್ಟರ್ ಉಂಟು, ಚಕ್ಕಡಿಯೂ ಉಂಟು. ತೇಲುವ ವಾಹನವೆಂದರೆ ಜಿಲ್ಲೆಯ ಅಂಚಿನ ತುಂಗಭದ್ರೆಯ ಕಡುವಿಗೆ ಹೋಗಿ ಹರಿಗೋಲು ಹುಡುಕಬೇಕು. ಹೋವರ್‌ಕ್ರಾಫ್ಟಿನ ಮಾತು ದೂರ ಉಳಿಯಿತು. ನಾನು ಉತ್ತರ ಕೊಡುವ ಬದಲು, ಮಾಸ್ತರರ ಹಳೆಯ ಉಪಾಯದಂತೆ, "ಮೊದಲು ಅದು ಹೇಗೆ ಓಡುತ್ತದೆ, ನೀನು ಹೇಳು" ಎಂದೆ.

ಹುಡುಗ ಹೇಳಿದ. ದೊಡ್ಡ ಬೀಸಣಿಗೆಯೊಂದು ಗಾಳಿಯನ್ನು ಹೀರಿ ವಾಹನದ ತಳಕ್ಕೆ ತುಂಬುತ್ತದೆ. ತಳದ ಸುತ್ತಲೂ ರಬ್ಬರು ಬಟ್ಟೆಯ ನಿರಿಗೆ ಇಳಿಬಿಟ್ಟಿರುತ್ತಾರೆ. ಗಾಳಿ ತಟ್ಟನೆ ಹೊರಗೆ ಓಡಲಾರದೆ ಒತ್ತಡ ಹೆಚ್ಚಿಸಿಕೊಂಡು ವಾಹನವನ್ನೇ ಮೇಲಕ್ಕೆತ್ತುತ್ತದೆ. ಹಿಂದಿರುವ ಪಂಖ ಮುಂದಕ್ಕೆ ನೂಕುತ್ತದೆ. ಅದಕ್ಕೆ ನೀರಾದರೇನು, ಕೆಸರಾದರೇನು, ಮರಳಾದರೇನು, ಎಲ್ಲವೂ ಒಂದೇ.

ಒಲೆಯ ಕಡೆಯಿಂದ ನನ್ನ ಮನೆಯವಳು ಹೇಳಿದಳು: "ಅಷ್ಟೇ ಏನ? ಅನ್ನದ ಗಡಿಗಿ ಮುಚ್ಚಳಾ ಕುಣೀತೈತಲ್ಲ, ಹಂಗ."

ನಾನು ನಕ್ಕೆ. ಆದರೆ ಆಮೇಲೆ ಹುಡುಗನ ಪುಸ್ತಕವನ್ನೇ ತೆಗೆದು ಓದಿದಾಗ ಅವಳ ಮಾತು ನಗುವಂಥದ್ದಲ್ಲವೆಂದು ತಿಳಿಯಿತು. ಈ ವಾಹನದ ಹುಟ್ಟು ನಿಜವಾಗಿಯೂ ಅಡಿಗೆಮನೆಯ ಡಬ್ಬಿಗಳಲ್ಲಿಯೇ ಆದದ್ದು. ಇಂಗ್ಲೆಂಡಿನ ಕ್ರಿಸ್ಟೋಫರ್ ಕಾಕರೆಲ್ ಎಂಬ ರೇಡಿಯೋ ಇಂಜಿನಿಯರರು ಕೆಲಸ ಬಿಟ್ಟು ದೋಣಿ ಕಟ್ಟುವ ಕಸುಬಿಗಿಳಿದವರು. ನೀರಿನ ಘರ್ಷಣೆಯಿಂದ ದೋಣಿಯನ್ನು ಬಿಡಿಸುವುದು ಹೇಗೆಂಬ ಯೋಚನೆ ಅವರಿಗೆ ಹತ್ತಿತು. 1955ರಲ್ಲಿ ಬೆಕ್ಕಿನ ಆಹಾರದ ಒಂದು ಡಬ್ಬಿಯನ್ನು ಕಾಫಿಯ ಡಬ್ಬಿಯೊಳಗೆ ಇರಿಸಿ, ಎರಡರ ನಡುವಿನ ಸಂದಿನಲ್ಲಿ ಗಾಳಿಯೂದಿ, ಅದು ಎಷ್ಟು ಭಾರವನ್ನೆತ್ತುತ್ತದೆಂದು ಅಡಿಗೆಮನೆಯ ತಕ್ಕಡಿಯ ಮೇಲೆ ಪರೀಕ್ಷಿಸಿದರು. ಸುತ್ತಂಚಿನಲ್ಲಿ ಊದಿದ ಗಾಳಿ ಬರಿಯ ಡಬ್ಬಿಯೊಳಗಿಂದ ಬಂದ ಗಾಳಿಗಿಂತ ಹೆಚ್ಚು ಒತ್ತಿತು. ನಾಲ್ಕು ವರ್ಷಗಳ ನಂತರ, 1959ರ ಜುಲೈ 25ರಂದು, ಎಸ್.ಆರ್.ಎನ್.1 ಎಂಬ ಮೊದಲ ವಾಹನ ಫ್ರಾನ್ಸಿನ ಕ್ಯಾಲೆಯಿಂದ ಇಂಗ್ಲೆಂಡಿನ ಡೋವರಿಗೆ ಕಡಲ್ಗಾಲುವೆಯನ್ನು ದಾಟಿತು. ಅದರ ಮೇಲೆ ಕಾಕರೆಲ್ಲರೂ ಇದ್ದರು. ಆದರೆ ನಡೆಸುವವರಾಗಿ ಅಲ್ಲ. ವಾಹನ ಒಂದು ಕಡೆಗೆ ಭಾರವಾಗದಂತೆ ಅತ್ತ ಇತ್ತ ಸರಿಯುವ ತೂಕದ ಕಲ್ಲಾಗಿ! ಕಂಡುಹಿಡಿದವರಿಗೆ ಲೋಕ ಕೊಡುವ ಸ್ಥಾನ ಬಹುಮಟ್ಟಿಗೆ ಇಂಥದ್ದೇ.

ಪ್ರಯಾಣಿಕರನ್ನು ವೇಳಾಪಟ್ಟಿಯಂತೆ ಕೊಂಡೊಯ್ದ ಮೊದಲ ಹೋವರ್‌ಕ್ರಾಫ್ಟ್ 1962ರ ಬೇಸಿಗೆಯಲ್ಲಿ ಓಡಿತು. ವೇಲ್ಸಿನ ರಿಲ್ ಪಟ್ಟಣದಿಂದ ವಾಲಸಿಗೆ, ಡೀ ನದಿಯ ಅಳಿವೆಯ ಮೇಲೆ, ಒಂದು ಸಲಕ್ಕೆ ಇಪ್ಪತ್ತನಾಲ್ಕು ಜನ. ಆ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಮೈಲಿಗಟ್ಟಲೆ ಮರಳು ತೆರೆದುಕೊಳ್ಳುತ್ತದೆ. ಹಡಗು ಬರಲಾರದು, ಗಾಡಿ ಹೋಗಲಾರದು. ಆ ಸೇವೆ ಒಂದು ಬೇಸಿಗೆಯನ್ನು ಮೀರಿ ಬಾಳಲಿಲ್ಲ. 1968ರಿಂದ ಕಾರುಗಳನ್ನೂ ಹೊತ್ತು ಕಡಲ್ಗಾಲುವೆ ದಾಟುತ್ತಿದ್ದ ಭಾರಿ ಹೋವರ್‌ಕ್ರಾಫ್ಟುಗಳು ಸಹ 2000ದಲ್ಲಿ ನಿಂತುಹೋದವು. ಎಣ್ಣೆ ಬಹಳ ಕುಡಿಯುತ್ತವೆ, ಕಿವುಡಾಗುವಷ್ಟು ಸದ್ದು, ನಿರಿಗೆ ಬೇಗ ಸವೆಯುತ್ತದೆ, ಅಡ್ಡಗಾಳಿ ಬೀಸಿದರೆ ಮಂಜಿನ ಮೇಲಿನ ಬಸವನಂತೆ ಜಾರುತ್ತವೆ. ಸುರಂಗ ತೋಡಿದ ಮೇಲೆ ಅಲ್ಲಿ ಅವುಗಳ ಅಗತ್ಯವೂ ಉಳಿಯಲಿಲ್ಲ. ಆದರೆ ಇಂಗ್ಲೆಂಡಿನ ಸೌತ್‌ಸೀಯಿಂದ ರೈಡ್ ಎಂಬ ಊರಿಗೆ 1965ರಲ್ಲಿ ಆರಂಭವಾದ ಸೇವೆ ಇಂದಿಗೂ ನಡೆಯುತ್ತಿದೆ. ಕಾರಣ ಸರಳವಾದದ್ದು: ರೈಡಿನ ದಡದಲ್ಲಿ ನೀರಿಳಿದಾಗ ಮರಳಿನ ಬಯಲು ಬಹು ದೂರ ಚಾಚುತ್ತದೆ. ನೀರೂ ಅಲ್ಲದ ನೆಲವೂ ಅಲ್ಲದ ಕಡೆ ಈ ವಾಹನಕ್ಕೆ ಪ್ರತಿಸ್ಪರ್ಧಿಯಿಲ್ಲ.

ನಮ್ಮ ದೇಶದಲ್ಲಿಯೂ ತಟರಕ್ಷಣಾ ಪಡೆ ಇವುಗಳನ್ನು ಇಟ್ಟುಕೊಂಡಿದೆ. ನವಮಂಗಳೂರು ಬಂದರಿನಲ್ಲಿ ಇವುಗಳನ್ನು ಕಂಡವರುಂಟು. ಆದರೆ ಮೋಟೆಬೆನ್ನೂರಿನ ಅಜ್ಜನೊಬ್ಬ ಟಿಕೇಟು ಕೊಂಡು ಹತ್ತುವ ವಾಹನ ಅದಲ್ಲ. ಆದ್ದರಿಂದ ಮೊಮ್ಮಗನೊಂದಿಗೆ ಒಂದು ಒಪ್ಪಂದ ಮಾಡಿಕೊಂಡೆ. "ಹೋವರ್‌ಕ್ರಾಫ್ಟ್ ಓಡಬೇಕಾದಂಥ ಜಾಗ ತೋರಿಸುತ್ತೇನೆ. ಹೋವರ್‌ಕ್ರಾಫ್ಟ್ ಮಾತ್ರ ಇರುವುದಿಲ್ಲ." ಹುಡುಗ ಸ್ವಲ್ಪ ಹೊತ್ತು ಯೋಚಿಸಿ, ಏನೂ ಇಲ್ಲದ್ದಕ್ಕಿಂತ ಅದೇ ಲೇಸೆಂದು ಒಪ್ಪಿದ.

ಹೀಗೆ ನಾವು ಮೂವರು ಒಂದು ಮುಂಜಾನೆ ನಾಲ್ಕು ಗಂಟೆಗೆ ಬುತ್ತಿ ಕಟ್ಟಿಕೊಂಡು ಬಾಡಿಗೆ ಕಾರಿನಲ್ಲಿ ಹೊರಟೆವು. ಹಾವೇರಿ, ಹಾನಗಲ್ಲು, ಶಿರಸಿ, ಅಲ್ಲಿಂದ ಘಟ್ಟವಿಳಿದು ಕುಮಟೆ. ಗುರಿ ಅಘನಾಶಿನಿಯ ಅಳಿವೆ. ಶಿರಸಿಯ ಸೀಮೆಯಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ ಸುಮಾರು 116 ಮೀಟರ್ ಧುಮುಕಿ, ಎಲ್ಲಿಯೂ ಅಣೆಕಟ್ಟಿನ ಗೋಡೆಗೆ ತಾಗದೆ ಕಡಲು ಸೇರುವ ನದಿ ಅದು. ತದಡಿಯ ಬಳಿ ಸಮುದ್ರಕ್ಕೆ ಬಾಯಿ ತೆರೆಯುವ ಮೊದಲು ಹತ್ತಾರು ಕವಲಾಗಿ, ಕುರ್ವೆಗಳೆಂಬ ನಡುಗಡ್ಡೆಗಳನ್ನು ಸುತ್ತಿ, ದಿನಕ್ಕೆ ಎರಡು ಸಲ ಕಡಲಿನ ನೀರನ್ನು ಒಳಗೆ ಕರೆದು ಎರಡು ಸಲ ಹಿಂದಕ್ಕೆ ಕಳುಹಿಸುತ್ತದೆ. 2024ರಲ್ಲಿ ಈ ಅಳಿವೆಯ 4801 ಹೆಕ್ಟೇರು ರಾಮ್‌ಸರ್ ಜೌಗುಪ್ರದೇಶಗಳ ಪಟ್ಟಿಗೆ ಸೇರಿತು.

ಮೊದಲು ಸಾಣಿಕಟ್ಟೆಯ ಉಪ್ಪಿನಾಗರಗಳನ್ನು ನೋಡಿದೆವು. ಕಡಲಿನ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಲವಣವಿರುತ್ತದೆ. ಆ ನೀರನ್ನು ಒಂದು ಪಾತಿಯಿಂದ ಇನ್ನೊಂದಕ್ಕೆ ಹರಿಸುತ್ತ ಬಿಸಿಲಿಗೆ ಬಿಟ್ಟರೆ ಕೊನೆಯ ಪಾತಿಯಲ್ಲಿ ಹರಳುಗಟ್ಟುತ್ತದೆ. ಕೆಲಸದವರು ಉದ್ದನೆಯ ಹಿಡಿಯ ಹಲಗೆಯಿಂದ ಅದನ್ನು ಎಳೆದು ಗುಡ್ಡೆ ಹಾಕುತ್ತಿದ್ದರು. ಮೊಮ್ಮಗ ಒಂದು ಹರಳನ್ನು ನಾಲಿಗೆಗೆ ತಾಗಿಸಿ ಮುಖ ಕಿವಿಚಿದ.

"ಇದನ್ನು ಮಾಡುವುದು ಒಂದು ಕಾಲದಲ್ಲಿ ಅಪರಾಧವಾಗಿತ್ತು" ಎಂದೆ. "ಅದನ್ನು ಮುರಿಯಲು 1930ರಲ್ಲಿ ಗಾಂಧೀಜಿ ದಂಡಿಗೆ ನಡೆದರಲ್ಲ, ಅವರ ಜೊತೆಯಲ್ಲಿ ನಮ್ಮ ಊರಿನ ಒಬ್ಬ ಹುಡುಗನೂ ಇದ್ದ."

"ನಮ್ಮ ಊರು ಅಂದರೆ?"

"ಮೋಟೆಬೆನ್ನೂರು."

ಹುಡುಗ ನಂಬಲಿಲ್ಲ. ಬೆಳಿಗ್ಗೆ ಕತ್ತಲಲ್ಲಿ ಹಾವೇರಿಯನ್ನು ದಾಟಿದೆವಲ್ಲ, ಅಲ್ಲಿಯ ರೈಲು ನಿಲ್ದಾಣಕ್ಕೆ ಅವರದೇ ಹೆಸರು, ಮೈಲಾರ ಮಹಾದೇವಪ್ಪ, ಎಂದ ಮೇಲೆ ಅರೆಮನಸ್ಸಿನಿಂದ ಒಪ್ಪಿದ. ನನಗೆ ಮುಂದೆ ಹೇಳುವ ಮನಸ್ಸಿತ್ತು. ಅಷ್ಟರಲ್ಲಿ ದೋಣಿಯವನು ಕೂಗಿದ.

ತದಡಿಯಿಂದ ನಾವು ಹೊರಟಾಗ ಹತ್ತೂವರೆ. ಹುಣ್ಣಿಮೆಯ ಮರುದಿನ, ಭರತ ತುಂಬಿ ಬರುತ್ತಿತ್ತು. ದೋಣಿಗೆ ಸಣ್ಣದೊಂದು ಯಂತ್ರ. ದೋಣಿಯವನು ಐವತ್ತರ ಹತ್ತಿರದವನು, ಮಾತು ಕಡಿಮೆ. ಹತ್ತುವ ಮೊದಲೇ ಒಂದು ಮಾತನ್ನು ಮಾತ್ರ ಎರಡು ಸಲ ಹೇಳಿದ್ದ: "ಎರಡರೊಳಗೆ ತಿರುಗಬೇಕು ಮಾಸ್ತರ್ರೇ. ಇವತ್ತು ಇಳಿತ ಜೋರಿದೆ."

ಆ ಮೊದಲ ಮೂರು ಗಂಟೆಗಳನ್ನು ಹೇಗೆ ವರ್ಣಿಸಲಿ? ನೀರು ಎರಡೂ ದಡದ ಕಾಂಡ್ಲಾ ಗಿಡಗಳ ಬೇರು ಮುಳುಗಿಸಿ ಕೊಂಬೆಗಳವರೆಗೆ ನಿಂತಿತ್ತು. ಬೆಳ್ಳಕ್ಕಿಗಳು ದೋಣಿ ಹತ್ತಿರ ಬರುವವರೆಗೂ ಅಲುಗುತ್ತಿರಲಿಲ್ಲ. ಗಜನಿ ಗದ್ದೆಗಳ ಕಟ್ಟುಗಳು ನೀರಿನಂಚಿನಲ್ಲಿ ಗೆರೆ ಎಳೆದಂತೆ ಕಾಣುತ್ತಿದ್ದವು. ಉಪ್ಪುನೀರು ನುಗ್ಗಿದರೂ ತಾಳಿಕೊಳ್ಳುವ ಕಗ್ಗ ಎಂಬ ಭತ್ತವನ್ನು ಮಳೆಗಾಲದಲ್ಲಿ ಆ ಗದ್ದೆಗಳಲ್ಲಿ ಬೆಳೆಯುತ್ತಾರೆ. ನಮ್ಮ ಕಡೆ ಮಳೆ ಬಾರದೆ ಜೋಳ ಒಣಗಿದ್ದನ್ನು ಕಂಡ ನನ್ನ ಮನೆಯವಳಿಗೆ, ಸಮುದ್ರವೇ ಹೊಲಕ್ಕೆ ಬಂದರೂ ಬೆಳೆ ಬರುತ್ತದೆಂಬುದು ಬಹಳ ಹಿಡಿಸಿತು. ಮಾಸೂರುಕುರ್ವೆಯನ್ನು ಬಳಸಿ ಮೇಲಕ್ಕೆ ಹೋಗಿ, ಒಂದು ನೆರಳಿನಲ್ಲಿ ದೋಣಿ ನಿಲ್ಲಿಸಿ ಬುತ್ತಿ ಬಿಚ್ಚಿದೆವು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಮೊಸರು. ದೋಣಿಯವನಿಗೂ ಕೊಟ್ಟೆವು. ಹಿಂಡಿಯ ಖಾರಕ್ಕೆ ಅವನ ಕಣ್ಣಿನಲ್ಲಿ ನೀರು ಬಂದರೂ ಇನ್ನೊಂದು ರೊಟ್ಟಿ ಕೇಳಿ ಹಾಕಿಸಿಕೊಂಡ.

ಮುಂದಿನದು ಪೂರ್ತಿ ನನ್ನ ತಪ್ಪು. ಊಟದ ಮೇಲೆ ಗಾಳಿ ತಂಪಾಗಿತ್ತು. ಒಂದು ಜೊಂಪು ಹತ್ತಿತು. ಒಂದೂವರೆಗೆ ದೋಣಿಯವನು ಎಬ್ಬಿಸಿದ. "ಹತ್ತು ನಿಮಿಷ" ಎಂದೆ. ಎರಡಕ್ಕೆ ಎಬ್ಬಿಸಿದ, ಈ ವಯಸ್ಸಿನಲ್ಲಿ ಹತ್ತು ನಿಮಿಷಕ್ಕೆ ಲೆಕ್ಕವೇನೆಂದು ರೇಗಿದೆ. ಎರಡೂಮುಕ್ಕಾಲಿಗೆ ನಾನೇ ಎದ್ದು, "ನಡಿಯಪ್ಪಾ" ಎಂದೆ. ಅವನು ಏನೂ ಹೇಳದೆ ದೋಣಿ ಬಿಟ್ಟ.

ಬೆಳಿಗ್ಗೆ ಕೊಂಬೆಗಳಿದ್ದ ಕಡೆ ಈಗ ಬೇರುಗಳು ಕಾಣುತ್ತಿದ್ದವು. ಕವಲುಗಳು ಕಿರಿದಾಗಿದ್ದವು. ಅರ್ಧ ಗಂಟೆ ಹೋಗುವಷ್ಟರಲ್ಲಿ ತಳದಲ್ಲಿ ಕಿರುಗುಟ್ಟಿದ ಸದ್ದಾಯಿತು. ಅವನು ಯಂತ್ರವನ್ನು ಎತ್ತಿ, ಗಳು ಹಾಕಿ ನೂಕಿದ. ಇಳಿದು ನೂಕಿದ. ದೋಣಿ ಒಂದು ಮಾರು ಸರಿದು ಮತ್ತೆ ಕುಳಿತುಬಿಟ್ಟಿತು. ನಾವು ನೋಡನೋಡುತ್ತಿದ್ದಂತೆಯೇ ಸುತ್ತಲಿನ ನೀರು ಹಿಂಜರಿದು, ಕಂದು ಬಣ್ಣದ ಕೆಸರಿನ ಬಯಲು ಮೇಲೆದ್ದು, ಬಿಸಿಲಿಗೆ ಹೊಳೆಯತೊಡಗಿತು.

"ನೀರು ಬಿಟ್ಟು ಹೋಯ್ತು ಮಾಸ್ತರ್ರೇ" ಎಂದ ಅವನು. "ಇನ್ನು ಭರತ ಏರಿ ದೋಣಿ ಎದ್ದು ಬರೂದು ರಾತ್ರಿ ಎಂಟರ ಮೇಲೇ."

ಇನ್ನೂ ಮೂರೂವರೆ ಆಗಿರಲಿಲ್ಲ. ನೆರಳಿಲ್ಲ. ಕುಡಿಯುವ ನೀರು ಒಂದು ಬಾಟಲಿಯ ತಳದಲ್ಲಿತ್ತು. ಏಪ್ರಿಲ್ಲಿನ ಬಿಸಿಲಿಗೆ ಹುಡುಗನ ಮುಖ ಆಗಲೇ ಕೆಂಪಾಗಿತ್ತು. ನನ್ನ ಮನೆಯವಳಿಗೆ ಸಕ್ಕರೆ ಕಾಯಿಲೆ. ಸಂಜೆಯ ಗುಳಿಗೆಗಳು ತದಡಿಯಲ್ಲಿ ಕಾರಿನೊಳಗೆ ಉಳಿದಿದ್ದವು. ಅತ್ತ ದಡ ನೂರೈವತ್ತು ಮಾರು ದೂರದಲ್ಲಿತ್ತು. ನೂರೈವತ್ತು ಮಾರು ರಸ್ತೆಯ ಮೇಲೆ ಎಷ್ಟರದ್ದು? ಆದರೆ ನಡುವೆ ಇದ್ದದ್ದು ರಸ್ತೆಯಲ್ಲ.

"ಈಗ ಹೋವರ್‌ಕ್ರಾಫ್ಟ್ ಇದ್ದಿದ್ದರೆ!" ಎಂದ ಮೊಮ್ಮಗ. ಅದರಲ್ಲಿ ದೂರಿನ ದನಿಯಿರಲಿಲ್ಲ. ಪುಸ್ತಕದ ಮಾತು ನಿಜವಾದುದಕ್ಕೆ ಅವನಿಗೆ ಸಂತೋಷವೇ ಆದಂತಿತ್ತು.

ದೋಣಿಯವನು ದೂರದಲ್ಲಿ ಬಳಚು ಆರಿಸುತ್ತಿದ್ದ ಹೆಂಗಸರನ್ನು ಕೂಗಿ ಕರೆಯಲು ಹೋದ. ಅವರಿಗೆ ಈ ಕೆಸರಿನಲ್ಲಿ ಗಟ್ಟಿ ಯಾವುದು, ಹೂಳು ಯಾವುದು ಎಂಬುದು ಕಾಲಿಗೇ ಗೊತ್ತು. ಅವನು ತಿರುಗಿ ಬರುವವರೆಗೆ ಹುಡುಗನ ಗಮನವನ್ನು ಬಾಯಾರಿಕೆಯಿಂದ ತಪ್ಪಿಸಬೇಕಾಗಿತ್ತು. ಉಪ್ಪಿನಾಗರದಲ್ಲಿ ಅರ್ಧಕ್ಕೆ ಬಿಟ್ಟ ಮಾತನ್ನು ಎತ್ತಿಕೊಂಡೆ.

ಮಹಾದೇವಪ್ಪ 1911ರಲ್ಲಿ ಹುಟ್ಟಿದವರು. 1930ರ ಮಾರ್ಚ್ 12ರಂದು ಸಾಬರಮತಿ ಆಶ್ರಮದಿಂದ ಗಾಂಧೀಜಿಯ ಹಿಂದೆ ಹೊರಟ 78 ಜನರ ಪಟ್ಟಿಯಲ್ಲಿ ಅವರ ಹೆಸರು ಮಹಾದೇವ ಮಾರ್ತಾಂಡ, ವಯಸ್ಸು 18, ಪ್ರಾಂತ ಕರ್ನಾಟಕ ಎಂದಿದೆ. ಮಾರ್ತಾಂಡ ಎಂಬುದು ತಂದೆಯ ಹೆಸರು. ಕರ್ನಾಟಕದಿಂದ ಹೋದವರು ಅವರೊಬ್ಬರೇ. 24 ದಿನ, 240 ಮೈಲಿ. ಈ ಅಂಕಿಗಳನ್ನು ನಾನು ಎಷ್ಟು ವರ್ಷ ಹಲಗೆಯ ಮೇಲೆ ಬರೆದಿರುವೆನೋ! ಮೈಲಿ ತಪ್ಪಿ ಬರೆದ ಮಕ್ಕಳಿಗೆ ಅರ್ಧ ಅಂಕ ಕಳೆದಿದ್ದೇನೆ. ಆದರೆ ಆ ಮೈಲಿಗಳ ನಡುವೆ ಮಹೀ ನದಿಯಿತ್ತೆಂದು ಒಂದು ದಿನವೂ ಹೇಳಿರಲಿಲ್ಲ. ನಿವೃತ್ತನಾದ ಮೇಲೆ ಓದಿ ತಿಳಿದದ್ದು ಅದು.

ಮಹೀ ನದಿ ಖಂಭಾತಿನ ಕೊಲ್ಲಿಯನ್ನು ಸೇರುತ್ತದೆ. ಆ ಕೊಲ್ಲಿಯ ಉಬ್ಬರವಿಳಿತದ ಮುಂದೆ ನಮ್ಮ ಕರಾವಳಿಯದು ಆಟಿಕೆ. ಅಲ್ಲಿ ಕೆಲವೆಡೆ ನೀರು ಹತ್ತು ಮೀಟರಿಗೂ ಮೀರಿ ಏರಿಳಿಯುತ್ತದೆ. ಇಳಿದಾಗ ನದಿಯ ಎರಡೂ ಬದಿಗೆ ಉಳಿಯುವುದು ಕೆಸರು, ಬರಿಯ ಕೆಸರು. ಮಾರ್ಚ್ 19ರ ರಾತ್ರಿ ಕಂಕಾಪುರದ ದಡದಲ್ಲಿ ಯಾತ್ರಿಕರು ನೀರು ಏರುವುದನ್ನೇ ಕಾಯುತ್ತಿದ್ದರು. ನಡುರಾತ್ರಿಯ ಹೊತ್ತಿಗೆ ಭರತ ಬಂದಾಗ ದೋಣಿಯವರೆಗೆ ಕೆಸರು ತುಳಿದು ಹೋಗಬೇಕಾಯಿತು. ಅತ್ತ ದಡದಲ್ಲಿ ಇಳಿದು ಮತ್ತೆ ಕೆಸರಿನಲ್ಲಿಯೇ ನಡೆಯಬೇಕಾಯಿತು. ಎರಡೂ ದಡಗಳಲ್ಲಿ ಹಳ್ಳಿಯ ಜನ ಸಾವಿರಗಟ್ಟಲೆ ದೀಪ ಹಿಡಿದು ನಿಂತಿದ್ದರು. ಗಾಂಧೀಜಿಗೆ ಆಗ ಅರವತ್ತು. ಹೊತ್ತುಕೊಂಡು ಹೋಗುತ್ತೇವೆಂದು ಜನ ಮುಂದೆ ಬಂದರು. ಅವರು ಒಪ್ಪಲಿಲ್ಲ. ಮೊಣಕಾಲುದ್ದದ ಕೆಸರಿನಲ್ಲಿ ನಡೆದೇ ಹೋದರು. ಯಾತ್ರಿಕರು ಆ ರಾತ್ರಿ ಅದನ್ನು ದಾಟಿ ಆಚೆಯ ಕರೇಲಿಗೆ ಸೇರಿದರು.

"ಮಹಾದೇವಪ್ಪನೂ?"

"ಅವರೂ."

"ಅವರು ಆಮೇಲೆ ಊರಿಗೆ ಬಂದರಾ?"

ಬಂದರು, ಸೆರೆಮನೆಯಲ್ಲಿದ್ದು ಬಂದರು. ಕೊರಡೂರಿನಲ್ಲಿ ಆಶ್ರಮ ಕಟ್ಟಿದರು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ, ಸರಕಾರದ ಕಂದಾಯದ ಹಣವನ್ನು ವಶಪಡಿಸಿಕೊಳ್ಳಲು ಹೋದಾಗ, ಪೊಲೀಸರ ಗುಂಡಿಗೆ ಬಲಿಯಾದರು. ಜೊತೆಯಲ್ಲಿ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ. ಮಹಾದೇವಪ್ಪನವರಿಗೆ ಆಗ ಇನ್ನೂ ಮೂವತ್ತೆರಡು ತುಂಬಿರಲಿಲ್ಲ. ಹುಡುಗ ಇದನ್ನು ಕೇಳಿ ಏನೂ ಹೇಳಲಿಲ್ಲ. ಕೆಸರಿನ ಕಡೆಗೆ ನೋಡುತ್ತ ಕುಳಿತ.

ಅಷ್ಟರಲ್ಲಿ ದೋಣಿಯವನು ಇಬ್ಬರು ಹೆಂಗಸರೊಡನೆ ಬಂದ. ನನ್ನ ಮನೆಯವಳ ಮೊಣಕಾಲು ನೋವನ್ನು ಅವನು ಬೆಳಿಗ್ಗೆ ದೋಣಿ ಹತ್ತುವಾಗಲೇ ಗಮನಿಸಿದ್ದ. ಅವಳ ಮುಂದೆ ಬೆನ್ನು ಬಾಗಿಸಿ ಕುಳಿತು, "ಬನ್ನಿ ಅಮ್ಮಾ, ನಾನು ಹೊತ್ಕೊಂಡು ಹೋಗ್ತೆ. ನಮಗೆ ರೂಢಿ ಇದೆ" ಎಂದ.

ಅವಳು ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಬ್ಯಾಡಪ್ಪಾ" ಎಂದಳು. "ನಲವತ್ತೈದು ವರ್ಷ ಇವರನ್ನ ಹೊತ್ತಾಕಿ ನಾನು. ನನ್ನನ್ನ ಯಾರೂ ಹೊರೂದು ಬ್ಯಾಡ." ಆಮೇಲೆ ನನ್ನ ಕಡೆಗೆ ತಿರುಗಿ, "ಕಥಿ ಸಾಕು. ಇಳೀರಿ" ಎಂದಳು.

ಇಳಿದೆವು. ಮೊದಲ ಹೆಜ್ಜೆಗೆ ಕಾಲು ಮೊಣಕಾಲಿನವರೆಗೆ ಹೋಯಿತು. ಎರಡನೆಯ ಹೆಜ್ಜೆಗೆ ಎಳೆದರೆ ಕಾಲು ಬಂತು, ಚಪ್ಪಲಿ ಬರಲಿಲ್ಲ. ಆ ಚಪ್ಪಲಿ ಇನ್ನೂ ಅಘನಾಶಿನಿಯಲ್ಲಿಯೇ ಇದೆ. ಕೆಸರು ಮೇಲೆ ಬಿಸಿ, ಒಳಗೆ ತಣ್ಣಗೆ. ಚಿಪ್ಪಿನ ಚೂರುಗಳು ಅಂಗಾಲಿಗೆ ಚುಚ್ಚುತ್ತಿದ್ದವು. ಹೆಂಗಸರಲ್ಲಿ ಹಿರಿಯಳು ಮುಂದೆ ನಡೆಯುತ್ತ, ಕಾಲನ್ನು ನೇರ ಮೇಲಕ್ಕೆ ಕೀಳಬಾರದು, ಹಿಮ್ಮಡಿಯನ್ನು ಮೊದಲು ಸಡಿಲಿಸಿ ಓರೆಯಾಗಿ ಎಳೆಯಬೇಕು, ಒಂದೇ ಕಡೆ ನಿಲ್ಲಬಾರದು ಎಂದು ಕಲಿಸಿದಳು. ನಾನು ಎರಡು ಸಲ ಕೈಯೂರಿ ಬಿದ್ದೆ. ನನ್ನ ಮನೆಯವಳು ಆ ಹೆಂಗಸಿನ ಭುಜದ ಮೇಲೆ ಒಂದು ಕೈಯಿಟ್ಟು, ಹೆಜ್ಜೆಗೊಮ್ಮೆ ತುಟಿ ಕಚ್ಚುತ್ತ, ಬೀಳದೆ ನಡೆದಳು. ನಡುವೆ ಒಂದು ಕಡೆ ನಿಂತಳು. ನಿಲ್ಲಬಾರದೆಂದು ಹೇಳಿದ್ದರಲ್ಲ, ಕಾಲು ಇಳಿಯತೊಡಗಿತು. ನನಗೆ ಎದೆ ಧಸಕ್ಕೆಂದಿತು. ನಾನು ಹತ್ತು ಮಾರು ಹಿಂದೆ ಸಿಕ್ಕಿಕೊಂಡಿದ್ದೆ. ಮೊಮ್ಮಗ ಅವಳ ಇನ್ನೊಂದು ಪಕ್ಕಕ್ಕೆ ಹೋಗಿ, "ಅಜ್ಜೀ, ಹಿಮ್ಮಡಿ ಮೊದಲು, ಹಿಮ್ಮಡಿ" ಎಂದ. ಅವಳು ಅವನ ತಲೆಯ ಮೇಲೆ ಕೈಯೂರಿ ಕಾಲು ಬಿಡಿಸಿಕೊಂಡಳು.

ಆ ನೂರೈವತ್ತು ಮಾರಿಗೆ ನಮಗೆ ಐವತ್ತು ನಿಮಿಷ ಹಿಡಿಯಿತು. ಹೋವರ್‌ಕ್ರಾಫ್ಟಾಗಿದ್ದರೆ ಅರ್ಧ ನಿಮಿಷವೂ ಬೇಕಾಗುತ್ತಿರಲಿಲ್ಲ. ಅದನ್ನು ಅಲ್ಲಗಳೆಯುವಷ್ಟು ಹಳಬ ನಾನಲ್ಲ. ಯಾರಾದರೂ ಕಾಯಿಲೆಯವರು ಆ ಕೆಸರಿನಲ್ಲಿ ಸಿಕ್ಕಿಕೊಂಡಿದ್ದರೆ ಮಂಗಳೂರಿನಿಂದಾದರೂ ಅದು ಬರಲೆಂದು ಬೇಡಿಕೊಳ್ಳುತ್ತಿದ್ದೆ. ಆದರೆ ವಿಹಾರಕ್ಕೆಂದು ಆ ಗರ್ಜಿಸುವ ಯಂತ್ರ ಕಾಂಡ್ಲಾ ಗಿಡಗಳ ನಡುವೆ ನುಗ್ಗುವುದನ್ನು ಮಾತ್ರ ನೆನೆಸಿಕೊಳ್ಳಲಾರೆ. ಬೆಳ್ಳಕ್ಕಿಗಳೂ ಬಳಚಿನ ಹೆಂಗಸರೂ ಏನು ಹೇಳಿಯಾರು?

ದಡದ ಮೇಲಿನ ಮೊದಲ ಮನೆಯಲ್ಲಿ ಬಾವಿಯ ನೀರು ಸೇದಿ ಕೊಟ್ಟರು. ಮೊದಲು ಕುಡಿಯಲು, ಆಮೇಲೆ ಕಾಲಿಗೆ. ಬೆಲ್ಲದ ತುಂಡನ್ನೂ ಕೊಡಲು ಬಂದವರು, ನನ್ನ ಮನೆಯವಳ ಕಾಯಿಲೆ ತಿಳಿದು ಮಜ್ಜಿಗೆ ತಂದರು. ಹಣ ಕೊಡಲು ಹೋದ ನನಗೆ, ಮುಂದಿನ ಸಲ ಬರುವಾಗ ಆ ಖಾರದ ಹಿಂಡಿ ತನ್ನಿ ಎಂದರು. ದೋಣಿಯವನು ಅಷ್ಟರಲ್ಲಿ ಅದರ ಸುದ್ದಿ ಹೇಳಿ ಮುಗಿಸಿದ್ದ. ಅವನಿಗೆ ಮಾತು ಕಡಿಮೆ ಎಂದೆನಲ್ಲ, ಅದು ನನ್ನ ತಪ್ಪು ತಿಳಿವಳಿಕೆ. ನಾನು ಅವನಲ್ಲಿ ಕ್ಷಮೆ ಕೇಳಿದೆ. ಅವನು, "ನೀರಿಗೆ ಮಾಸ್ತರ್ರು ಯಾರು ಅಂತ ಗೊತ್ತಾಗೂದಿಲ್ಲ" ಎಂದು ನಕ್ಕ. ರಾತ್ರಿ ಎಂಟರ ಭರತಕ್ಕೆ ದೋಣಿ ತರಲು ಅವನು ಕಾದು ಕುಳಿತ. ನಾವು ರಿಕ್ಷಾ ಹಿಡಿದು ತದಡಿಗೆ ಹೋಗಿ, ಗುಳಿಗೆ ನುಂಗಿಸಿ, ಘಟ್ಟ ಹತ್ತಿದೆವು. ಮೊಮ್ಮಗ ಹಾವೇರಿಯಲ್ಲಿ ತನ್ನನ್ನು ಎಬ್ಬಿಸಬೇಕೆಂದು ಹೇಳಿ ಅಜ್ಜಿಯ ತೊಡೆಯ ಮೇಲೆ ಮಲಗಿದ. ಎಬ್ಬಿಸಿದೆವು. ಕಾರನ್ನು ರೈಲು ನಿಲ್ದಾಣದ ಮುಂದೆ ತಿರುಗಿಸಿ, ದೀಪದ ಬೆಳಕಿನಲ್ಲಿ ಆ ಹೆಸರನ್ನು ಅವನು ಓದಿದ ಮೇಲೆ ಊರಿನ ದಾರಿ ಹಿಡಿದೆವು.

ಮರುದಿನ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅಜ್ಜಿ ಮೊಮ್ಮಗ ಇಬ್ಬರೂ ಹಿತ್ತಿಲಲ್ಲಿ ಕುಳಿತಿದ್ದರು. ಅವನ ಚಡ್ಡಿಯ ಕೆಸರು ಒಣಗಿ ಹೆಪ್ಪಳೆ ಏಳುತ್ತಿತ್ತು. ಅಂಚಿನಲ್ಲಿ ಸಣ್ಣದೊಂದು ಬಿಳಿಯ ಗೆರೆ. ಅವಳು ಅದನ್ನು ಬಕೀಟಿಗೆ ಹಾಕಲು ಹೋದರೆ ಅವನು ಬಿಡಲಿಲ್ಲ. ಉಗುರಿನಿಂದ ಆ ಗೆರೆಯನ್ನು ಕೆರೆದು ನಾಲಿಗೆಗಿಟ್ಟುಕೊಂಡು, "ಅಜ್ಜೀ, ನೀನೂ ನೋಡು, ಉಪ್ಪು" ಎಂದ.